ನಿಮಗೆ ತಿಳಿಯದೆ ಆದ ಸಾಲದ ಡಿಕ್ರಿಯನ್ನು ರದ್ದುಪಡಿಸಿಕೊಳ್ಳುವ ಬಗೆ

ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಯಲಹಂಕಕ್ಕೆ ಹೋದವರ ಸಮನ್ಸ್ ಹಳೆಯ ವಿಳಾಸಕ್ಕೇ ಹೋಗಿ, ಸಾಲದ ದಾವೆಯಲ್ಲಿ ಏಕಪಕ್ಷೀಯ ಡಿಕ್ರಿ (ಪ್ರತಿವಾದಿಯ ಗೈರುಹಾಜರಿಯಲ್ಲಿ ನ್ಯಾಯಾಲಯ ನೀಡುವ ಡಿಕ್ರಿ) ಆಗಿರುವುದು ಸಂಬಳ ಜಪ್ತಿಯಾದಾಗಲೇ ತಿಳಿಯುವುದುಂಟು. ಗಾಬರಿಪಡಬೇಡಿ, ಆದರೆ ಒಂದು ದಿನವನ್ನೂ ವ್ಯರ್ಥ ಮಾಡಬೇಡಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಪ್ರಕರಣವನ್ನು ಹುಡುಕಿ, ತೀರ್ಪು, ಆರ್ಡರ್ ಶೀಟ್ (ಪ್ರತಿ ವಿಚಾರಣೆಯ ದಿನದ ನಡಾವಳಿ ದಾಖಲೆ) ಹಾಗೂ ಸಮನ್ಸ್ ಜಾರಿ ವರದಿಯ ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಿ. ನನ್ನ ದೃಷ್ಟಿಯಲ್ಲಿ ಆ ವರದಿಯೇ ಜೀವಾಳ: 'ಮನೆಗೆ ಬೀಗ ಹಾಕಿದೆ, ಬಾಗಿಲಿಗೆ ಅಂಟಿಸಲಾಗಿದೆ' ಎಂದು ಆದೇಶ ಜಾರಿಕಾರರು (ಸಮನ್ಸ್ ತಲುಪಿಸುವ ನ್ಯಾಯಾಲಯದ ಸಿಬ್ಬಂದಿ) ಬರೆದ ದಿನಾಂಕಕ್ಕೆ ಮುಂಚೆಯೇ ನೀವು ಮನೆ ಖಾಲಿ ಮಾಡಿದ್ದಿರೆಂಬುದನ್ನು ಹೊಸ ಬಾಡಿಗೆ ಕರಾರು, ಗ್ಯಾಸ್ ಸಂಪರ್ಕದ ವರ್ಗಾವಣೆ ಪತ್ರ ಮುಂತಾದವುಗಳಿಂದ ತೋರಿಸಬೇಕು.

ಬಳಿಕ ಡಿಕ್ರಿ ನೀಡಿದ ನ್ಯಾಯಾಲಯಕ್ಕೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅಫಿಡವಿಟ್ ಸಹಿತ ಅರ್ಜಿ ಸಲ್ಲಿಸಿ. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಅದು ಡಿಕ್ರಿ ನಿಮಗೆ ತಿಳಿದ ದಿನದಿಂದ ಆರಂಭವಾಗುತ್ತದೆ, ಆದ್ದರಿಂದ ಅದು ಯಾವಾಗ, ಹೇಗೆ ತಿಳಿಯಿತೆಂಬುದನ್ನು ಸ್ಪಷ್ಟವಾಗಿ ಬರೆಯಿರಿ. ತಡವಾಗಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿ ಹಾಕಿ. ಸಮನ್ಸ್ ಜಾರಿಯಲ್ಲಿ ಕೇವಲ ಸಣ್ಣ ಲೋಪವಿದ್ದು, ವಿಚಾರಣೆಯ ದಿನ ನಿಮಗೆ ಮೊದಲೇ ಗೊತ್ತಿದ್ದರೆ ಡಿಕ್ರಿ ರದ್ದಾಗದು. ಅಫಿಡವಿಟ್‌ನಲ್ಲಿ ಸುಳ್ಳು ಖಂಡಿತ ಬೇಡ.

ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನೂ ಕೇಳಬೇಕು. ನ್ಯಾಯಾಲಯವು ಖರ್ಚು ಕಟ್ಟುವಂತೆ ಅಥವಾ ಹಣ ಠೇವಣಿ ಇಡುವಂತೆ ಷರತ್ತು ವಿಧಿಸಬಹುದು. ಅರ್ಜಿ ವಜಾ ಆದರೆ ಮೇಲ್ಮನವಿಗೆ ಅವಕಾಶವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು.