ಸೀಳಿನೊಳಗಿಂದ ಸಿನಿಮಾ: ರಟ್ಟಿನ ತಟ್ಟೆ ಮಾಡುವ ಬಗೆ

ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ 1832ರಲ್ಲಿ ರಟ್ಟಿನ ತಟ್ಟೆಯ ಸುತ್ತ ನರ್ತನದ ಭಂಗಿಗಳನ್ನು ಬರೆದು, ಸೀಳುಗಳನ್ನು ಕೊರೆದು, ಕನ್ನಡಿಯ ಮುಂದೆ ತಿರುಗಿಸಿದರು. ಚಿತ್ರ ಕುಣಿಯಿತು. ಅದೇ ಸಮಯದಲ್ಲಿ ವಿಯೆನ್ನಾದ ಸೈಮನ್ ಸ್ಟಾಂಪ್ಫರ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಫೆನಕಿಸ್ಟಿಸ್ಕೋಪ್ ಎಂಬ ಈ ಸಾಧನದಲ್ಲಿ ಎಲ್ಲರ ಗಮನ ಚಿತ್ರದ ಮೇಲಿರುತ್ತದೆ. ಆದರೆ ನಿಜವಾದ ಕೆಲಸ ಸೀಳಿನದು. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಕತ್ತಲೆ ಇಲ್ಲದಿದ್ದರೆ ಕಣ್ಣಿಗೆ ಕಾಣುವುದು ಬರೀ ಕಲಸಿದ ಬಣ್ಣ.

ಬೇಕಾದದ್ದು: ಒಂದು ಮಿ.ಮೀ. ದಪ್ಪದ ರಟ್ಟು, ಬಿಳಿ ಹಾಳೆ, ಕೈವಾರ, ಕೋನಮಾಪಕ, ಪೇಪರ್ ಕಟ್ಟರ್, ಕಪ್ಪು ಬಣ್ಣ, ರಬ್ಬರ್ ತುದಿಯ ಪೆನ್ಸಿಲ್, ಗುಂಡುಸೂಜಿ, ಒಂದು ಮಣಿ, ಕನ್ನಡಿ.

ಮೊದಲು ರಟ್ಟಿಗೆ ಬಿಳಿ ಹಾಳೆ ಅಂಟಿಸಿ ಒಣಗಲು ಬಿಡಿ. 12 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ, 30 ಡಿಗ್ರಿಗೊಂದರಂತೆ 12 ಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೆ, ಕೇಂದ್ರದಿಂದ 8.5 ಸೆಂ.ಮೀ.ಗೆ ಶುರುವಾಗಿ 11ಕ್ಕೆ ಮುಗಿಯುವ, 3 ಮಿ.ಮೀ. ಅಗಲದ ಸೀಳು ಕೊರೆಯಿರಿ. ಅಗಲ ಹೆಚ್ಚಾದರೆ ಚಿತ್ರ ಮಸುಕು, ಕಡಿಮೆಯಾದರೆ ಕತ್ತಲು. 3 ಮಿ.ಮೀ.ನಲ್ಲಿಯೂ ಕಣ್ಣಿಗೆ ಸಿಗುವುದು ಸುಮಾರು 17ರಲ್ಲಿ ಒಂದು ಪಾಲು ಬೆಳಕು ಮಾತ್ರ. ಆದ್ದರಿಂದಲೇ ಹಿಂಬದಿಗೆ ಪೂರ್ತಿ ಕಪ್ಪು ಬಳಿಯಬೇಕು. ಬಿಳಿಯಾಗಿಯೇ ಬಿಟ್ಟರೆ ಅದರ ಹೊಳಪು ಮಂದವಾದ ಚಿತ್ರವನ್ನು ನುಂಗಿಬಿಡುತ್ತದೆ.

ಇನ್ನು ಚಿತ್ರ. ಪುಟಿಯುವ ಚೆಂಡಿನಿಂದ ಆರಂಭಿಸುವುದು ಒಳ್ಳೆಯದು. ಕೇಂದ್ರದಿಂದ 4 ಸೆಂ.ಮೀ. ದೂರದಲ್ಲಿ ಒಂದು ವೃತ್ತ ಎಳೆಯಿರಿ, ಅದೇ ನೆಲ. ಎರಡು ಸೀಳುಗಳ ನಡುವಿನ ಪ್ರತಿ ಮನೆಯಲ್ಲೂ 8 ಮಿ.ಮೀ. ಗಾತ್ರದ ಒಂದು ಚೆಂಡು. ನೆಲದಿಂದ ಅದರ ಎತ್ತರ ಕ್ರಮವಾಗಿ 0, 9, 17, 22, 27, 29, 30 ಮಿ.ಮೀ.; ನಂತರ ಇಳಿಯುತ್ತಾ 29, 27, 22, 17, 9. ಮೇಲೆ ಹೋದಂತೆ ಅಂತರ ಕಿರಿದಾಗುವುದನ್ನು ಗಮನಿಸಿ. ಸಮ ಅಂತರದಲ್ಲಿ ಬರೆದರೆ ಚೆಂಡಿಗೆ ತೂಕವೇ ಇರುವುದಿಲ್ಲ, ದಾರ ಕಟ್ಟಿ ಎಳೆದಂತೆ ಕಾಣುತ್ತದೆ. ಹನ್ನೆರಡನೆಯದು ಮತ್ತೆ ಮೊದಲನೆಯದಕ್ಕೆ ಕೂಡಿಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಒಂದು ಜಿಗಿತ. ಚಿತ್ರಗಳ ಸಂಖ್ಯೆ ಸೀಳುಗಳಷ್ಟೇ ಇರಲಿ. 12 ಸೀಳಿಗೆ 11 ಅಥವಾ 13 ಚಿತ್ರ ಹಾಕಿದರೆ ಅವು ನಿಂತಲ್ಲಿ ನಿಲ್ಲದೆ ಸರಿಯುತ್ತವೆ. ನಡೆಯುವ ಮನುಷ್ಯನಿಗೆ ಬೇಕೆಂದೇ ಹಾಗೆ ಮಾಡಬಹುದು.

ಗುಂಡುಸೂಜಿಯನ್ನು ಚಿತ್ರದ ಕಡೆಯಿಂದ ಸರಿಯಾಗಿ ನಡುವೆ ಚುಚ್ಚಿ, ಹಿಂದೆ ಮಣಿ ಪೋಣಿಸಿ, ಪೆನ್ಸಿಲ್ಲಿನ ರಬ್ಬರಿಗೆ ಒತ್ತಿ. ಮಣಿ ಇಲ್ಲದಿದ್ದರೆ ತಟ್ಟೆ ರಬ್ಬರಿಗೆ ಉಜ್ಜಿ ನಿಲ್ಲುತ್ತದೆ. ತೂತು ಒಂದು ಮಿ.ಮೀ. ಆಚೀಚೆಯಾದರೂ ಚಿತ್ರ ತೂಗಾಡುತ್ತದೆ.

ಚಿತ್ರದ ಮುಖ ಕನ್ನಡಿಗೆ, ಕಪ್ಪು ಬದಿ ನಿಮಗೆ. ಕನ್ನಡಿಯಿಂದ ಒಂದೂವರೆ ಅಡಿ ದೂರದಲ್ಲಿ ಒಂದು ಕಣ್ಣು ಮುಚ್ಚಿ, ಮೇಲಿನ ಸೀಳುಗಳಿಗೆ ಇನ್ನೊಂದು ಕಣ್ಣನ್ನು ಹತ್ತಿರ ತಂದು, ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಚಲನೆ ಹಿಂದುಮುಂದಾದರೆ ತಟ್ಟೆಯನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಸಾಕು. ಚಿತ್ರದ ಮೇಲೆ ಹಗಲು ಬೆಳಕು ಬೀಳುವುದೇ ಉತ್ತಮ. ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೀಳು ತನ್ನಷ್ಟೇ ಅಗಲ ಸರಿಯಲು ಹಿಡಿಯುವುದು ಸೆಕೆಂಡಿನ 200ರಲ್ಲಿ ಒಂದು ಪಾಲು. ಕೆಲವು ಸೀಳುಗಳಿಗೆ ಬೆಳಕು ಸಿಕ್ಕಿ, ಕೆಲವಕ್ಕೆ ಸಿಗದೆ ಚಿತ್ರ ಅದುರುತ್ತದೆ.

ಇದರಲ್ಲಿ ಒಬ್ಬರೇ ನೋಡಬಹುದು. ಹಲವರು ಒಟ್ಟಿಗೆ ನೋಡುವಂತೆ 1834ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ನರ್ ಸೀಳುಗಳನ್ನು ತಿರುಗುವ ಡ್ರಮ್ಮಿಗೆ ವರ್ಗಾಯಿಸಿದರು. 1877ರಲ್ಲಿ ಫ್ರಾನ್ಸಿನ ಎಮಿಲ್ ರೆನೋ ಸೀಳುಗಳ ಬದಲು ನಡುವೆ ಕನ್ನಡಿಗಳನ್ನಿಟ್ಟು ಕತ್ತಲೆಯ ಸಮಸ್ಯೆಯನ್ನೇ ನೀಗಿಸಿದರು.