ಮನೆಯ ಲೈನೋ, ವ್ಯಾಪಾರದ ಲೈನೋ: ಹಾವೇರಿಯಲ್ಲಿ ನನ್ನ ಅನುಭವ

ಹಾವೇರಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಬ್ಯಾಡಗಿಯ ಕೆಲವು ಮೆಣಸಿನಕಾಯಿ ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಇರುವುದು ನನ್ನ ಕಂಪ್ಯೂಟರಿನಲ್ಲಿ. ಇಬ್ಬರು ಸಹಾಯಕಿಯರು ಬ್ಯಾಡಗಿಯಿಂದಲೇ ಇಂಟರ್ನೆಟ್ ಮೂಲಕ ಅದಕ್ಕೆ ಸಂಪರ್ಕ ಪಡೆದು ಬಿಲ್ ನಮೂದಿಸುತ್ತಾರೆ. ಹಂಗಾಮಿನಲ್ಲಿ ಸೋಮವಾರ ಮತ್ತು ಗುರುವಾರ ಪುರಸೊತ್ತೇ ಇರುವುದಿಲ್ಲ.

ಅಂಥದೇ ಒಂದು ಗುರುವಾರ ಚರಂಡಿ ಕೆಲಸಕ್ಕೆ ಬಂದಿದ್ದ ಜೆಸಿಬಿ ತಗುಲಿ ಕಂಬದ ಮೇಲಿನ ಇಂಟರ್ನೆಟ್ ಕೇಬಲ್ ಹರಿಯಿತು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಚೀಟಿ) ಇಲ್ಲದೆ ಲಾರಿ ಹೊರಡುವಂತಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಒಂದೊಂದಾಗಿ ಮಾಡಿ ಮುಗಿಸಿದೆ. ಸಹಾಯಕಿಯರು ಮಾತ್ರ ಸುಮ್ಮನೆ ಕೂರಬೇಕಾಯಿತು. ಲೈನ್ ಬಂದದ್ದು ಮರುದಿನ ಸಂಜೆ. ಮನೆಯ ಇಂಟರ್ನೆಟ್ ಯೋಜನೆ ಬಿಟ್ಟು, ಕಂಪನಿ ವ್ಯಾಪಾರಸ್ಥರಿಗೆಂದು ಕೊಡುವ ಯೋಜನೆಗೇ ಹೋಗಿಬಿಡೋಣ ಎಂದು ಅಂದೇ ಅನ್ನಿಸಿತು.

ನನ್ನ ಮನೆ ಯೋಜನೆಗೆ ತಿಂಗಳಿಗೆ 700 ರೂಪಾಯಿ, 18% ಜಿಎಸ್‌ಟಿ ಸೇರಿ 826. ಇಂಟರ್ನೆಟ್ ಕಂಪನಿಯವರು ಹೇಳಿದ ವ್ಯಾಪಾರ ಯೋಜನೆಗೆ 2,000, ತೆರಿಗೆ ಸೇರಿ 2,360. ಹೆಚ್ಚಿನ ಹಣಕ್ಕೆ ಏನು ಸಿಗುತ್ತದೆ ಎಂದು ಕೇಳಿದೆ. ಜಿಎಸ್‌ಟಿ ಬಿಲ್, ಅಪ್‌ಲೋಡ್ ವೇಗ, ಸ್ಥಿರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮ ಲೈನಿಗೆ ಬದಲಾಗದ ಒಂದೇ ಗುರುತು ಸಂಖ್ಯೆ), ಬೇಗ ದುರಸ್ತಿ ಎಂದರು.

ಬಿಲ್ಲಿನ ಮಾತು ನನ್ನದೇ ಕಸುಬಿನದು. ಮನೆ ಯೋಜನೆಯಲ್ಲಿಯೂ ನನ್ನ ಜಿಎಸ್‌ಟಿ ಸಂಖ್ಯೆ ಕೊಟ್ಟೆ, ಬಿಲ್ಲಿನಲ್ಲಿ ನಮೂದಾಯಿತು. ಹೂಡುವಳಿ ತೆರಿಗೆಯ ಕ್ರೆಡಿಟ್ (ಬಿಲ್ಲಿನಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ವ್ಯವಹಾರಕ್ಕೆ ಬಳಸಿದ ಪಾಲಿಗೆ ಮಾತ್ರ. ಮಕ್ಕಳು ಸಿನಿಮಾ ನೋಡಿದ ಪಾಲಿಗೆ ಇಲ್ಲ. ಯೋಜನೆ ಯಾವುದೇ ಇರಲಿ, ಈ ನಿಯಮ ಬದಲಾಗುವುದಿಲ್ಲ.

ಅಪ್‌ಲೋಡ್ ಅನ್ನು ರಾತ್ರಿ ಒಂಬತ್ತಕ್ಕೆ, ಇಡೀ ಓಣಿ ಟಿವಿ ನೋಡುವ ಹೊತ್ತಿನಲ್ಲಿ, ಒಂದು ವಾರ ಅಳೆದೆ. ದಿನವೂ ಸುಮಾರು 12 ಜಿಬಿ ಬ್ಯಾಕಪ್ ಹೊರಗೆ ಕಳುಹಿಸುತ್ತೇನೆ. ವೇಗ 10 ಎಂಬಿಪಿಎಸ್ ಇದ್ದರೆ ಅದಕ್ಕೆ ಎರಡು ಗಂಟೆ ನಲವತ್ತು ನಿಮಿಷ, 100 ಇದ್ದರೆ ಹದಿನಾರು ನಿಮಿಷ. ನನ್ನ ಫೈಬರ್ ಲೈನಿನಲ್ಲಿ ಎರಡೂ ಕಡೆಗೆ 100ರ ಆಸುಪಾಸು ಬರುತ್ತಿತ್ತು.

ಸ್ಥಿರ ಐಪಿ ನನ್ನನ್ನು ಹೆಚ್ಚು ಕಾಡಿತು. ಹೊಸ ರೌಟರ್ ಹಾಕಿದ ಮೇಲೆ ಸಹಾಯಕಿಯರಿಗೆ ಸಂಪರ್ಕವೇ ಸಿಗುತ್ತಿರಲಿಲ್ಲ. ರೌಟರಿನ ಪುಟದಲ್ಲಿ ನಮ್ಮ ವಿಳಾಸ 100.72ರಿಂದ ಶುರುವಾಗುತ್ತಿತ್ತು, ಹೊರಗಿನ ತಾಣಗಳಿಗೆ ಕಾಣುತ್ತಿದ್ದ ವಿಳಾಸ ಬೇರೆ. 100.64ರಿಂದ 100.127ರವರೆಗಿನ ವಿಳಾಸ ಕಂಡರೆ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ಒಳಬರಲಾರರು. ಸ್ಥಿರ ಐಪಿ ಕೊಂಡರೆ ಇದು ತೀರುತ್ತಿತ್ತು. ಆದರೆ ದೂರದಿಂದ ಕಂಪ್ಯೂಟರ್ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು, ಅಂದರೆ ಅದರ ಬಾಗಿಲನ್ನು, ಇಡೀ ಜಗತ್ತಿಗೆ ತೆರೆದಿಡಲು ನನಗೆ ಮನಸ್ಸಿಲ್ಲ. ಎಷ್ಟೋ ಕುಟುಂಬಗಳ ಲೆಕ್ಕ ಆ ಕಂಪ್ಯೂಟರಿನಲ್ಲಿದೆ. ಬದಲಿಗೆ ಎರಡೂ ಕಡೆ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿದೆ. ಎರಡೂ ಕಡೆಯ ಕಂಪ್ಯೂಟರುಗಳು ಹೊರಗೆ ಹೋಗಿ ಪರಸ್ಪರ ಪತ್ತೆ ಮಾಡಿಕೊಳ್ಳುತ್ತವೆ, ಪೋರ್ಟ್ ತೆರೆಯುವ ಅಗತ್ಯವೇ ಇಲ್ಲ. ಸ್ಥಿರ ಐಪಿಯ ಆಸೆ ಅಲ್ಲಿಗೇ ಬಿಟ್ಟಿತು.

ಇನ್ನು ಉಳಿದದ್ದು ದುರಸ್ತಿಯ ಭರವಸೆ. ತಿಂಗಳಲ್ಲಿ 99.5% ಹೊತ್ತು ಲೈನ್ ಇರುತ್ತದೆ ಎಂದು ಬರೆದಿತ್ತು. ತಿಂಗಳಿಗೆ 720 ಗಂಟೆ ಹಿಡಿದರೆ 3.6 ಗಂಟೆ ನಿಂತರೂ ಅವರ ಮಾತು ತಪ್ಪಿದಂತಲ್ಲ. ಅದನ್ನು ಮೀರಿ ಇಡೀ ದಿನ ನಿಂತರೆ? ಆ ದಿನದ ಬಿಲ್ ಬಿಡುತ್ತೇವೆ ಎಂದರು: ಸುಮಾರು 79 ರೂಪಾಯಿ. ನನಗೆ ಬೇಕಾದದ್ದು 79 ರೂಪಾಯಿಯಲ್ಲ, ಲೈನು. ಕೊನೆಗೆ ಕೇಬಲ್ ಜೋಡಿಸಲು ಬಂದ ಹುಡುಗನನ್ನೇ ಕೇಳಿದೆ. "ಅಕ್ಕಾ, ಎರಡೂ ಯೋಜನೆಗೆ ಬರುವುದು ಇದೇ ಕೇಬಲ್. ಹರಿದರೆ ಜೋಡಿಸಲು ಬರುವವನೂ ನಾನೇ" ಎಂದ.

ಆ ಮಾತಿನ ಮೇಲೆ ವ್ಯಾಪಾರ ಯೋಜನೆ ಬಿಟ್ಟು, ಇನ್ನೊಂದು ಕಂಪನಿಯ ಮನೆ ಯೋಜನೆಯನ್ನೇ ಎರಡನೆಯ ಲೈನಾಗಿ ತೆಗೆದುಕೊಳ್ಳುವುದೆಂದು ನಿರ್ಧರಿಸಿದೆ. ಹಣ ಕಟ್ಟುವ ಮೊದಲು ಕತ್ತೆತ್ತಿ ಕಂಬಗಳನ್ನು ನೋಡುತ್ತ ಓಣಿಯ ತುದಿಯವರೆಗೆ ನಡೆದೆ. ಮೊದಲು ಆರಿಸಿದ್ದ ಕಂಪನಿಯ ಕೇಬಲ್ ಹಳೆಯದರ ಜೊತೆಗೇ ಅವೇ ಕಂಬಗಳ ಮೇಲೆ ಬರುತ್ತಿತ್ತು! ಅದನ್ನು ಕೈಬಿಟ್ಟು, ಹಿಂದಿನ ಓಣಿಯಿಂದ ಬರುವ ಲೈನ್ ಹಾಕಿಸಿದೆ. ಎರಡು ಲೈನ್ ಹಿಡಿಯುವ ರೌಟರ್ ಒಂದು ನಿಂತರೆ ಇನ್ನೊಂದಕ್ಕೆ ತಾನೇ ಹೊರಳುತ್ತದೆ. ಕರೆಂಟು ಹೋದಾಗ ನಿಲ್ಲದಂತೆ ಫೈಬರ್ ಡಬ್ಬಗಳಿಗೂ ರೌಟರಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಕೊಳ್ಳುವಾಗ, ಅಡಾಪ್ಟರಿನ ಮೇಲೆ ಬರೆದಿರುವಷ್ಟು ಆಂಪಿಯರನ್ನು ಯುಪಿಎಸ್ ಕೊಡುತ್ತದೆಯೇ ಎಂದು ನೋಡಿಕೊಳ್ಳಬೇಕು. ಎರಡೂ ಲೈನಿಗೆ ಸೇರಿ ತಿಂಗಳಿಗೆ 1,652 ರೂಪಾಯಿ ಆಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ತಮ್ಮನಿಗೆ ಮಾತ್ರ ವ್ಯಾಪಾರ ಯೋಜನೆಯನ್ನೇ ಕೊಡಿಸಿದೆ. ಅವನು ಮನೆಯಿಂದ ಕೆಲಸ ಮಾಡಿಕೊಡುವ ಕಂಪನಿ, ಮೊದಲೇ ನೋಂದಾಯಿಸಿದ ಒಂದೇ ಐಪಿ ವಿಳಾಸದಿಂದ ಬಂದವರನ್ನಷ್ಟೇ ಒಳಗೆ ಬಿಡುತ್ತದೆ. ಅವನ ಬಡಾವಣೆಯಲ್ಲಿ ಮನೆ ಯೋಜನೆಗೆ ಸ್ಥಿರ ಐಪಿ ಕೊಡುವವರು ಸಿಗಲಿಲ್ಲ. ಸಹಿ ಮಾಡುವ ಮುನ್ನ, ದುರಸ್ತಿಗೆ ಎಷ್ಟು ಗಂಟೆಯೊಳಗೆ ಬರುತ್ತೀರಿ, ಭಾನುವಾರವೂ ಬರುತ್ತೀರಾ ಎಂಬುದನ್ನು ಇಂಟರ್ನೆಟ್ ಕಂಪನಿಯವರಿಂದ ಬರೆಸಿಕೊಂಡೆವು.