ಡಿಸ್ಟ್ರಿಕ್ಟ್ ಕೇಳಿದ್ದೆಲ್ಲ ಕೊಡಬೇಕಿಲ್ಲ: ನ್ಯೂಯಾರ್ಕ್‌ನಲ್ಲಿ ಹೋಮ್‌ಸ್ಕೂಲಿಂಗ್ ಕಾಗದಪತ್ರ

ನ್ಯೂಯಾರ್ಕ್ ರಾಜ್ಯದಲ್ಲಿ ಮಗುವಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಬರೆದುಕೊಟ್ಟ ಮೇಲೆ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ, ಅಂದರೆ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದಿಂದ, ಒಂದು ಫಾರ್ಮ್ ಬರುತ್ತದೆ. ಕೆಲವು ಕಡೆಯ ಫಾರ್ಮಿನಲ್ಲಿ ಮಗುವಿನ ಸೋಷಿಯಲ್ ಸೆಕ್ಯುರಿಟಿ ನಂಬರ್, ಲಸಿಕೆ ಪಟ್ಟಿ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ದಿನದ ವೇಳಾಪಟ್ಟಿ, ಮನೆಗೆ ಬಂದು ನೋಡಲು ಯಾವ ದಿನ ಅನುಕೂಲ ಎಂಬ ಖಾನೆಗಳೂ ಇರುತ್ತವೆ. ಅರ್ಜಿಯ ಜೊತೆ ಮೂರು ಸೆಟ್ ಜೆರಾಕ್ಸ್ ಇಟ್ಟು ಅಭ್ಯಾಸವಾದ ನಮಗೆ ಖಾನೆ ಖಾಲಿ ಬಿಡಲು ಕೈ ಬರುವುದಿಲ್ಲ. ಕೇಳಿದ್ದನ್ನೆಲ್ಲ ತುಂಬಿ, ಕೇಳದ್ದನ್ನೂ ಸೇರಿಸಿ ಕಳಿಸುತ್ತೇವೆ. ತೊಂದರೆ ಶುರುವಾಗುವುದು ಅಲ್ಲೇ. ಮೇಲೆ ಹೇಳಿದ ಖಾನೆಗಳಲ್ಲಿ ಒಂದೂ ರಾಜ್ಯದ ನಿಯಮದಲ್ಲಿಲ್ಲ.

ಆ ನಿಯಮದ ಹೆಸರು ಶಿಕ್ಷಣ ಕಮಿಷನರ್ ನಿಯಮಾವಳಿಯ ವಿಭಾಗ 100.10. ಅಪ್ಪ ಅಮ್ಮ ಏನು ಕೊಡಬೇಕು, ಯಾವ ತಾರೀಕಿಗೆ ಕೊಡಬೇಕು, ಡಿಸ್ಟ್ರಿಕ್ಟ್ ಎಷ್ಟು ದಿನದೊಳಗೆ ಉತ್ತರಿಸಬೇಕು ಎಲ್ಲವೂ ಅದರಲ್ಲಿದೆ. ಕೆಲವೇ ಪುಟ. ಮುದ್ರಿಸಿ ಫೈಲಿನ ಮೊದಲ ಹಾಳೆಗಳಾಗಿ ಇಟ್ಟುಕೊಳ್ಳಿ. ನಿಯಮ ಕೇಳಿದಷ್ಟನ್ನು, ಕೇಳಿದ ದಿನದೊಳಗೆ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಂಡು ಕೊಡುವುದೇ ಇಲ್ಲಿ ಕೆಲಸ. ಕಡಿಮೆ ಕೊಟ್ಟರೆ ನಿಮ್ಮ ತಪ್ಪು. ಹೆಚ್ಚು ಕೊಟ್ಟರೆ ಮುಂದಿನ ವರ್ಷ ಅದೇ ಪದ್ಧತಿಯಾಗುತ್ತದೆ, ನಿಮ್ಮ ನಂತರ ಬರುವ ಕುಟುಂಬದಿಂದಲೂ ಅದನ್ನೇ ಕೇಳುತ್ತಾರೆ.

ಮೊದಲ ಪತ್ರ

ಇಲ್ಲಿ ಶಾಲಾ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮನೆಯಲ್ಲಿ ಕಲಿಸುವ ಇಚ್ಛೆಯನ್ನು ತಿಳಿಸುವ ಪತ್ರ, ಅಂದರೆ ನೋಟಿಸ್ ಆಫ್ ಇಂಟೆಂಟ್, ಪ್ರತಿ ವರ್ಷ ಜುಲೈ 1ರೊಳಗೆ ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್‌ಗೆ ತಲುಪಬೇಕು. ನ್ಯೂಯಾರ್ಕ್ ನಗರದಲ್ಲಾದರೆ ಇದಕ್ಕೆಂದೇ ಇರುವ ಹೋಮ್‌ಸ್ಕೂಲಿಂಗ್ ಕಚೇರಿಗೆ. ವರ್ಷದ ನಡುವೆ ಶಾಲೆ ಬಿಡಿಸಿದರೆ ಅಥವಾ ಕೆಲಸ ಬದಲಾಗಿ ಬೇರೆ ರಾಜ್ಯದಿಂದ ಬಂದು ಮನೆಯಲ್ಲಿ ಕಲಿಸಲು ತೊಡಗಿದರೆ, ತೊಡಗಿದ 14 ದಿನದೊಳಗೆ.

ಪತ್ರಕ್ಕೆ ಮೂರು ನಾಲ್ಕು ಸಾಲು ಸಾಕು: ಮಗುವಿನ ಹೆಸರು, ವಯಸ್ಸು, ತರಗತಿ, ವಿಳಾಸ, ಈ ಶಾಲಾ ವರ್ಷ ವಿಭಾಗ 100.10ರ ಪ್ರಕಾರ ಮನೆಯಲ್ಲಿ ಕಲಿಸುತ್ತೇವೆ ಎಂಬ ವಾಕ್ಯ, ಸಹಿ, ತಾರೀಕು. ಕಾರಣ ಬರೆಯಬೇಡಿ. ಇದು ಅನುಮತಿ ಕೇಳುವ ಅರ್ಜಿಯಲ್ಲ, ತಿಳಿವಳಿಕೆ ಪತ್ರ. ‘ದಯವಿಟ್ಟು ಅನುಮತಿ ನೀಡಬೇಕಾಗಿ ವಿನಂತಿ’ ಎಂದು ಬರೆದರೆ ಇಲ್ಲದ ಅಧಿಕಾರವನ್ನು ನೀವೇ ಕೈಗಿಟ್ಟಂತೆ.

ಮಗು ಈಗಾಗಲೇ ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಇದೇ ಪತ್ರದ ಪ್ರತಿಯನ್ನು ಪ್ರಿನ್ಸಿಪಾಲ್‌ಗೂ ಅದೇ ದಿನ ಕೊಡಿ. ಹೆಚ್ಚಿನವರು ಎಡವುವುದು ಈ ಜಾಗದಲ್ಲಿ. ಡಿಸ್ಟ್ರಿಕ್ಟ್ ಕಚೇರಿಗೆ ಪತ್ರ ಹೋಗಿರುತ್ತದೆ, ಶಾಲೆಯ ಹಾಜರಿಯಲ್ಲಿ ಮಗುವಿನ ಹೆಸರು ಹಾಗೇ ಇರುತ್ತದೆ, ದಿನವೂ ಗೈರು ಬೀಳುತ್ತಾ ಹೋಗುತ್ತದೆ. ಎರಡು ಮೂರು ವಾರ ಕಳೆದರೆ ಅದು ‘ಎಜುಕೇಷನಲ್ ನೆಗ್ಲೆಕ್ಟ್’, ಅಂದರೆ ಮಗುವಿನ ಓದನ್ನು ಕಡೆಗಣಿಸಿದ ದೂರಾಗಿ ಮಕ್ಕಳ ರಕ್ಷಣಾ ಇಲಾಖೆಗೆ ಹೋಗಬಹುದು.

ಅಂಚೆ ಕಚೇರಿಯಲ್ಲಿ ಸರ್ಟಿಫೈಡ್ ಮೇಲ್ ಜೊತೆಗೆ ರಿಟರ್ನ್ ರಸೀದಿ ಕೇಳಿ. ಪತ್ರ ತೆಗೆದುಕೊಂಡವರ ಸಹಿ ಇರುವ ಹಸಿರು ಕಾರ್ಡ್ ಕೆಲವು ದಿನದಲ್ಲಿ ನಿಮ್ಮ ಮನೆಗೆ ವಾಪಸ್ ಬರುತ್ತದೆ. ಅದನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ. ‘ನಮಗೆ ಏನೂ ಬಂದಿಲ್ಲ’ ಎಂದು ಫೋನ್ ಬಂದ ದಿನ ಆ ಕಾರ್ಡಿನ ಫೋಟೊ ಕಳಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈಮೇಲ್‌ನಲ್ಲಿ ಕಳಿಸುವುದಾದರೆ ಸಿಕ್ಕಿತೆಂಬ ಉತ್ತರ ಬರುವವರೆಗೂ ಬಿಡಬೇಡಿ.

ಐಎಚ್‌ಐಪಿ: ಬೋಧನಾ ಯೋಜನೆ

ನಿಮ್ಮ ಪತ್ರ ತಲುಪಿದ 10 ಕೆಲಸದ ದಿನಗಳಲ್ಲಿ ಡಿಸ್ಟ್ರಿಕ್ಟ್ ನಿಯಮದ ಪ್ರತಿ ಮತ್ತು ಬೋಧನಾ ಯೋಜನೆಯ ಫಾರ್ಮ್ ಕಳಿಸಬೇಕು. ಈ ಯೋಜನೆಗೆ ಎಲ್ಲರೂ ಹೇಳುವ ಹೆಸರು ಐಎಚ್‌ಐಪಿ. ಫಾರ್ಮ್ ಕೈಗೆ ಸಿಕ್ಕ ನಾಲ್ಕು ವಾರ ಅಥವಾ ಆಗಸ್ಟ್ 15, ಯಾವುದು ತಡವೋ ಅದರೊಳಗೆ ನೀವು ತುಂಬಿ ಕೊಡಬೇಕು. ಫಾರ್ಮ್ ಬಂದ ಲಕೋಟೆಯ ಮೇಲೆ ತಲುಪಿದ ತಾರೀಕು ಬರೆದಿಡಿ, ನಾಲ್ಕು ವಾರದ ಲೆಕ್ಕ ಅಲ್ಲಿಂದ ಶುರು.

ಮನೆಯಲ್ಲಿ ಕಲಿಯುವ ಶಾಲಾ ಮಗುವಿನ ಯೋಜನೆಯಲ್ಲಿ ಇರಬೇಕಾದದ್ದು ನಾಲ್ಕೇ ಸಂಗತಿ. ಮಗುವಿನ ಹೆಸರು, ವಯಸ್ಸು, ತರಗತಿ. ಪ್ರತಿ ವಿಷಯಕ್ಕೂ ಬಳಸುವ ಪುಸ್ತಕ, ಪಠ್ಯಕ್ರಮ ಅಥವಾ ಕಲಿಸುವ ಯೋಜನೆ. ನಾಲ್ಕು ತ್ರೈಮಾಸಿಕ ವರದಿಗಳನ್ನು ಯಾವ ಯಾವ ತಾರೀಕಿಗೆ ಕೊಡುತ್ತೀರಿ. ಕಲಿಸುವವರ ಹೆಸರು. ಹೆಸರು ಮಾತ್ರ, ಡಿಗ್ರಿ ಬೇಕಿಲ್ಲ. ಡಿಸ್ಟ್ರಿಕ್ಟ್‌ನ ಫಾರ್ಮಿನಲ್ಲಿ ಹೆಚ್ಚುವರಿ ಖಾನೆಗಳಿದ್ದರೆ ಅನುಭವಿ ಕುಟುಂಬಗಳು ಇಷ್ಟೂ ವಿವರವಿರುವ ಸ್ವಂತ ಹಾಳೆಯನ್ನೇ ಟೈಪ್ ಮಾಡಿ ಕೊಡುತ್ತವೆ.

1ರಿಂದ 6ನೇ ತರಗತಿಗೆ ವಿಷಯಗಳು: ಅಂಕಗಣಿತ, ಓದು, ಸ್ಪೆಲಿಂಗ್, ಬರವಣಿಗೆ, ಇಂಗ್ಲಿಷ್ ಭಾಷೆ, ಭೂಗೋಳ, ಅಮೆರಿಕದ ಇತಿಹಾಸ, ವಿಜ್ಞಾನ, ಆರೋಗ್ಯ, ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣ. ಇದರ ಜೊತೆಗೆ ಎಲ್ಲ ತರಗತಿಗೂ ಇನ್ನೂ ನಾಲ್ಕು: ದೇಶಪ್ರೇಮ ಮತ್ತು ನಾಗರಿಕತ್ವ, ಮದ್ಯ-ಮಾದಕವಸ್ತು-ತಂಬಾಕಿನ ಹಾನಿ, ಸೈಕಲ್ ಸುರಕ್ಷತೆಯೂ ಸೇರಿದ ರಸ್ತೆ ಸುರಕ್ಷತೆ, ಬೆಂಕಿ ಅನಾಹುತ ತಡೆ. ಯೋಜನೆ ವಾಪಸ್ ಬರಲು ದೊಡ್ಡ ಕಾರಣ ಈ ಕೊನೆಯ ನಾಲ್ಕನ್ನು ಬಿಡುವುದು. ಗಣಿತಕ್ಕೆ ಎರಡು ಪುಟ ಬರೆದವರು ಬೆಂಕಿಗೆ ಒಂದು ಸಾಲು ಬರೆದಿರುವುದಿಲ್ಲ. ‘ಅಗ್ನಿ ಸುರಕ್ಷತೆ: ಮನೆಯಿಂದ ಹೊರಹೋಗುವ ದಾರಿಗಳು, ಸ್ಮೋಕ್ ಅಲಾರಂ ಪರೀಕ್ಷೆ, 911ಕ್ಕೆ ಕರೆ ಮಾಡುವ ಅಭ್ಯಾಸ’ ಎಂದು ಬರೆದರೆ ಆಯಿತು. 7 ಮತ್ತು 8ಕ್ಕೆ ಪಟ್ಟಿ ಬದಲಾಗುತ್ತದೆ, ಗ್ರಂಥಾಲಯ ಬಳಕೆ ಮತ್ತು ಪ್ರಾಯೋಗಿಕ ಕಲೆಗಳೂ ಸೇರುತ್ತವೆ. ನ್ಯೂಯಾರ್ಕ್ ರಾಜ್ಯದ ಇತಿಹಾಸ ಮತ್ತು ದೇಶದ, ರಾಜ್ಯದ ಎರಡೂ ಸಂವಿಧಾನಗಳು ಮೊದಲ ಎಂಟು ವರ್ಷದಲ್ಲಿ ಒಮ್ಮೆಯಾದರೂ ಬರಬೇಕು.

ಎಷ್ಟು ಬರೆಯಬೇಕು? ಮೂರನೇ ತರಗತಿಯ ಅಂಕಗಣಿತಕ್ಕೆ ಹೀಗೆ: ‘ಪಠ್ಯಪುಸ್ತಕದ ಹೆಸರು. ಗುಣಾಕಾರ, ಭಾಗಾಕಾರ, ಭಿನ್ನರಾಶಿಯ ಪರಿಚಯ, ಅಳತೆ, ಗಡಿಯಾರ, ಹಣ.’ ‘ಪುಟ 1ರಿಂದ 240, 24 ಅಧ್ಯಾಯ’ ಎಂದು ಬರೆದುಕೊಟ್ಟರೆ ವರದಿಯ ಹೊತ್ತಿಗೆ ಅಷ್ಟೂ ಮುಗಿದಿರಬೇಕು. ಯಾಕೆ ಎನ್ನುವುದು ಮುಂದೆ ಬರುತ್ತದೆ.

ನಮ್ಮ ಮಕ್ಕಳು ಬೇರೆಡೆ ಕಲಿಯುವುದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರ್ನಾಟಕ ಸಂಗೀತ ಅಥವಾ ಮೃದಂಗದ ಕ್ಲಾಸು ಸಂಗೀತದ ಕೆಳಗೆ, ಭರತನಾಟ್ಯ, ಈಜು, ಕ್ರಿಕೆಟ್ ದೈಹಿಕ ಶಿಕ್ಷಣದ ಕೆಳಗೆ ಸಲೀಸಾಗಿ ಕೂರುತ್ತವೆ. ಕನ್ನಡ ಬೇರೆ ಮಾತು. ಕನ್ನಡ ಕೂಟದ ಕಲಿಕಾ ತರಗತಿಗೆ ಮಗು ಹೋಗುತ್ತಿದ್ದರೆ ಸಂತೋಷ, ಬಿಡಬೇಡಿ. ಆದರೆ ಯೋಜನೆಯಲ್ಲಿ ವಿಷಯವಾಗಿ ಬರೆದರೆ ಪ್ರತಿ ತ್ರೈಮಾಸಿಕದಲ್ಲೂ ಅದರ ವರದಿ ಕೊಡುವ ಹೊಣೆ ನಿಮ್ಮದಾಗುತ್ತದೆ. ಮಗುವಿಗೆ ಇಂಗ್ಲಿಷ್ ಬೆಂಬಲ ಬೇಕೇ ಎಂಬ ಪ್ರಶ್ನೆಗೂ ಅದು ದಾರಿಯಾಗಬಹುದು, ಏಕೆಂದರೆ ಅಗತ್ಯ ಕಂಡಲ್ಲಿ ದ್ವಿಭಾಷಾ ಶಿಕ್ಷಣ ಎಂಬ ಮಾತೂ ನಿಯಮದಲ್ಲಿದೆ.

ವರದಿಯ ತಾರೀಕುಗಳನ್ನು ಆರಿಸುವುದು ನೀವು. ಸಮ ಅಂತರದಲ್ಲಿರಬೇಕು, ಅಷ್ಟೇ. ನವೆಂಬರ್ 15, ಜನವರಿ 31, ಏಪ್ರಿಲ್ 15, ಜೂನ್ 30 ಎಂಬಂತೆ ಇಟ್ಟುಕೊಳ್ಳಬಹುದು. ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಬೆಂಗಳೂರಿನಲ್ಲಿ ಕೂತು ವರದಿ ಬರೆಯುವಂತಾಗದ ಹಾಗೆ ಈಗಲೇ ನೋಡಿಕೊಳ್ಳಿ.

ಡಿಸ್ಟ್ರಿಕ್ಟ್‌ಗೂ ಗಡುವಿದೆ. ಯೋಜನೆ ತಲುಪಿದ 10 ಕೆಲಸದ ದಿನ ಅಥವಾ ಆಗಸ್ಟ್ 31, ಯಾವುದು ತಡವೋ ಅದರೊಳಗೆ ಸರಿಯಿದೆ ಎಂದೋ, ಇಂಥದ್ದು ಕೊರತೆ ಎಂದೋ ಲಿಖಿತವಾಗಿ ಹೇಳಬೇಕು. ಕೊರತೆ ಎಂದರೆ ಸರಿಪಡಿಸಲು ನಿಮಗೆ 15 ದಿನ ಅಥವಾ ಸೆಪ್ಟೆಂಬರ್ 15, ಯಾವುದು ತಡವೋ ಅದು. ಅದೂ ಒಪ್ಪಿಗೆಯಾಗದಿದ್ದರೆ ಸ್ಕೂಲ್ ಬೋರ್ಡ್ ಮುಂದೆ ಹೋಗಬಹುದು, ಬೋರ್ಡ್ ತೀರ್ಮಾನದ 30 ದಿನದೊಳಗೆ ರಾಜ್ಯದ ಶಿಕ್ಷಣ ಕಮಿಷನರ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಗಂಟೆ, ಹಾಜರಿ, ತ್ರೈಮಾಸಿಕ ವರದಿ

1ರಿಂದ 6ನೇ ತರಗತಿಗೆ ವರ್ಷಕ್ಕೆ 900 ಗಂಟೆ, 7ರಿಂದ 12ಕ್ಕೆ 990 ಗಂಟೆ. 180 ದಿನಕ್ಕೆ ಹಂಚಿದರೆ ದಿನಕ್ಕೆ 5 ಗಂಟೆ ಅಥವಾ ಐದೂವರೆ. ತ್ರೈಮಾಸಿಕಕ್ಕೆ 225 ಅಥವಾ 247.5. ಇಷ್ಟೂ ಹೊತ್ತು ಮೇಜಿನ ಮುಂದೆ ಕೂರಿಸಬೇಕೆಂದು ಯಾರೂ ಹೇಳಿಲ್ಲ. ಮ್ಯೂಸಿಯಂ, ಗ್ರಂಥಾಲಯ, ಅಡುಗೆಮನೆಯ ಅಳತೆ, ನಾಟ್ಯದ ಕ್ಲಾಸು ಎಲ್ಲವೂ ಕಲಿಕೆಯ ಹೊತ್ತೇ. ಹಾಜರಿಗೆ ಗೋಡೆಯ ಕ್ಯಾಲೆಂಡರ್ ಸಾಕು, ಕಲಿತ ದಿನಕ್ಕೆ ಗುರುತು ಹಾಕುತ್ತಾ ಹೋಗಿ. ಅದು ನಿಮ್ಮ ಬಳಿ ಇರಬೇಕಾದ ದಾಖಲೆ. ಡಿಸ್ಟ್ರಿಕ್ಟ್ ಕೇಳಿದರೆ ತೋರಿಸಬೇಕು, ಕೇಳದೆ ಕಳಿಸಬೇಕಿಲ್ಲ.

ವರದಿಯಲ್ಲಿ ಆ ಅವಧಿಯ ಒಟ್ಟು ಗಂಟೆ, ಪ್ರತಿ ವಿಷಯದಲ್ಲಿ ಏನು ಕಲಿಸಿದಿರಿ, ಪ್ರತಿ ವಿಷಯಕ್ಕೂ ಒಂದು ಗ್ರೇಡ್ ಅಥವಾ ಪ್ರಗತಿಯ ಬಗ್ಗೆ ಒಂದೆರಡು ವಾಕ್ಯ ಇರಬೇಕು. ಆ ಅವಧಿಗೆ ಯೋಜಿಸಿದ್ದರಲ್ಲಿ ಯಾವುದೇ ವಿಷಯ ಶೇ 80ಕ್ಕಿಂತ ಕಡಿಮೆ ಆಗಿದ್ದರೆ ಅದಕ್ಕೆ ಕಾರಣ ಬರೆಯಬೇಕು. ಪುಟಸಂಖ್ಯೆ ಕೊಟ್ಟವರು ಸಿಕ್ಕಿಕೊಳ್ಳುವುದು ಇಲ್ಲಿಯೇ. 240 ಪುಟ ಎಂದು ಬರೆದವರ ಒಂದು ತ್ರೈಮಾಸಿಕದ ಪಾಲು 60 ಪುಟ. 48 ಪುಟವೂ ಆಗದಿದ್ದರೆ ವಿವರಣೆ. ಮಗುವಿಗೆ ಭಾಗಾಕಾರ ಅರ್ಥವಾಗಲಿಲ್ಲವೆಂದು ಎರಡು ವಾರ ಹೆಚ್ಚು ಕೂತಿದ್ದು ಒಳ್ಳೆಯ ಕಲಿಸುವಿಕೆ, ಕಾಗದದಲ್ಲಿ ಮಾತ್ರ ಅದು ಕೊರತೆಯಾಗಿ ಕಾಣುತ್ತದೆ. ‘ಗುಣಾಕಾರದ ಮಗ್ಗಿ 12ರವರೆಗೆ, ಎರಡಂಕಿಯ ಗುಣಾಕಾರ, ಭಾಗಾಕಾರ ಶುರು. ಒಳ್ಳೆಯ ಪ್ರಗತಿ’ ಎಂಬಷ್ಟು ಬರೆದರೆ ಒಂದು ವಿಷಯ ಮುಗಿಯಿತು. ಮಗುವಿನ ಬರವಣಿಗೆಯ ಮಾದರಿ, ಫೋಟೊ, ವರ್ಕ್‌ಶೀಟ್ ಲಗತ್ತಿಸಬೇಡಿ. ನಿಯಮ ಕೇಳುವುದಿಲ್ಲ.

ವರ್ಷಾಂತ್ಯದ ಮೌಲ್ಯಮಾಪನ

ನಾಲ್ಕನೇ ವರದಿಯ ಜೊತೆ ಇದು ಹೋಗಬೇಕು. 1ರಿಂದ 3ನೇ ತರಗತಿವರೆಗೆ ಪ್ರತಿ ವರ್ಷವೂ ಲಿಖಿತ ಮೌಲ್ಯಮಾಪನ ಸಾಕು. 4ರಿಂದ 8ರವರೆಗೆ ಅದನ್ನು ವರ್ಷ ಬಿಟ್ಟು ವರ್ಷ ಬಳಸಬಹುದು, ನಡುವಿನ ವರ್ಷ ಸ್ಟ್ಯಾಂಡರ್ಡೈಸ್ಡ್ ಪರೀಕ್ಷೆ, ಅಂದರೆ ಎಲ್ಲ ಮಕ್ಕಳಿಗೂ ಒಂದೇ ಮಾದರಿಯ ಪರೀಕ್ಷೆ. 9ರಿಂದ ಮುಂದೆ ಪ್ರತಿ ವರ್ಷ ಪರೀಕ್ಷೆ. ಮಗುವನ್ನು ಮಾತಾಡಿಸಿ, ಅದರ ಕೆಲಸ ನೋಡಿ ಲಿಖಿತ ಮೌಲ್ಯಮಾಪನ ಬರೆಯುವವರನ್ನು ನೀವು ಆರಿಸಬಹುದು, ಸೂಪರಿಂಟೆಂಡೆಂಟ್ ಒಪ್ಪಿಗೆ ಬೇಕು. ಮನೆಯಲ್ಲೇ ಪರೀಕ್ಷೆ ಮಾಡಿಸಲೂ ಒಪ್ಪಿಗೆ ಬೇಕು. ಮೂರನೇ ವರದಿಯ ಜೊತೆಯಲ್ಲೇ ಹೆಸರು, ಪರೀಕ್ಷೆ, ಸ್ಥಳ ಬರೆದು ಕೇಳಿದರೆ ಜೂನ್‌ನಲ್ಲಿ ಓಡಾಟ ಇರುವುದಿಲ್ಲ.

ಒಟ್ಟು ಸ್ಕೋರ್ 33ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಇಲ್ಲವೇ ಹಿಂದಿನ ಪರೀಕ್ಷೆಗಿಂತ ಒಂದು ಶಾಲಾ ವರ್ಷದಷ್ಟು ಬೆಳವಣಿಗೆ ತೋರಿಸಬೇಕು. ಇದನ್ನು ನಮ್ಮ ಕಡೆಯ 35 ಅಂಕದ ಪಾಸಿನಂತೆ ಓದಿಕೊಳ್ಳುವವರಿದ್ದಾರೆ. ಪರ್ಸೆಂಟೈಲ್ ಅಂಕವಲ್ಲ. ದೇಶದ ಅದೇ ತರಗತಿಯ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಿಂತ ಮುಂದಿರಬೇಕು ಎಂದರ್ಥ. ಮೂಲ ಅಂಕಪಟ್ಟಿ ನಿಮ್ಮಲ್ಲೇ ಇರಲಿ, ಪ್ರತಿ ಮಾತ್ರ ಕಳಿಸಿ.

ಹೆಚ್ಚು ಕೇಳಿದಾಗ

ಗುಮಾಸ್ತರು ಬೇಕೆಂದೇ ಕಾಡುತ್ತಾರೆ ಎಂದುಕೊಳ್ಳಬೇಡಿ. ಶಾಲೆಗೆ ಸೇರಿಸುವ ಮಕ್ಕಳ ಫಾರ್ಮನ್ನೇ ಮನೆಯಲ್ಲಿ ಕಲಿಯುವ ಮಕ್ಕಳಿಗೂ ಕಳಿಸುವುದು, ಹಿಂದಿನವರು ಇಟ್ಟುಹೋದ ಪದ್ಧತಿ ಮುಂದುವರಿಸುವುದು ಹೆಚ್ಚು. ಆದರೂ ಫೋನಿನಲ್ಲಿ ಒಪ್ಪಿಕೊಳ್ಳಬೇಡಿ. ‘ಈಮೇಲ್‌ನಲ್ಲಿ ಕಳಿಸಿ, ನೋಡಿ ಉತ್ತರಿಸುತ್ತೇವೆ’ ಎನ್ನಿ. ಉತ್ತರ ಇಷ್ಟು ಇದ್ದರೆ ಸಾಕು:

‘ನಿಮ್ಮ ಸೆಪ್ಟೆಂಬರ್ 3ರ ಪತ್ರ ತಲುಪಿತು. ಅದರಲ್ಲಿ ಕೇಳಿರುವ ದಿನದ ವೇಳಾಪಟ್ಟಿ ಮತ್ತು ಲಸಿಕೆ ದಾಖಲೆ ವಿಭಾಗ 100.10 ಹೇಳುವ ಐಎಚ್‌ಐಪಿ ಅಂಶಗಳಲ್ಲಿ ಇಲ್ಲ. ಯಾವ ಉಪವಿಭಾಗದ ಪ್ರಕಾರ ಇವು ಬೇಕೆಂದು ಲಿಖಿತವಾಗಿ ತಿಳಿಸಿದರೆ ಉತ್ತರಿಸುತ್ತೇವೆ. ಆಗಸ್ಟ್ 10ರಂದು ಕಳಿಸಿದ ಯೋಜನೆಯಲ್ಲಿ ನಿಯಮ ಕೇಳುವ ಎಲ್ಲವೂ ಇದೆ.’

ಸಿಟ್ಟು ಬೇಡ, ವಕೀಲರ ಧಾಟಿಯೂ ಬೇಡ. ಬಹಳಷ್ಟು ಸಲ ಇದಕ್ಕೆ ಮರುಪತ್ರವೇ ಬರುವುದಿಲ್ಲ.

ಮನೆ ಭೇಟಿಯ ಬಗ್ಗೆ ಸ್ಪಷ್ಟವಾಗಿರಿ. ವಾರ್ಷಿಕ ಮೌಲ್ಯಮಾಪನ ಸಾಲದೆ ನಿಮ್ಮ ಕಾರ್ಯಕ್ರಮ ಪ್ರೊಬೇಷನ್‌ನಲ್ಲಿ, ಅಂದರೆ ಡಿಸ್ಟ್ರಿಕ್ಟ್‌ನ ನಿಗಾದಲ್ಲಿದ್ದು, ನಿಯಮ ಪಾಲನೆಯಾಗುತ್ತಿಲ್ಲ ಎನ್ನಲು ಸೂಪರಿಂಟೆಂಡೆಂಟ್ ಬಳಿ ತಕ್ಕ ಕಾರಣವಿದ್ದರೆ ಮಾತ್ರ, ಮೂರು ದಿನ ಮೊದಲೇ ಬರೆದು ತಿಳಿಸಿ ಬರಬಹುದು. ಉಳಿದಂತೆ ‘ಸುಮ್ಮನೆ ಪರಿಚಯಕ್ಕೆ’ ಎಂದು ಕೇಳಿದರೆ ನಯವಾಗಿ ಬೇಡ ಎನ್ನಬಹುದು. ಮನೆಗೆ ಬಂದವರಿಗೆ ಕಾಫಿ ಕೊಟ್ಟು ಕೂರಿಸುವ ನಮ್ಮ ರೂಢಿ ಇಲ್ಲಿ ಅಡ್ಡ ಬರುತ್ತದೆ.

ಮಕ್ಕಳ ರಕ್ಷಣಾ ಇಲಾಖೆಯವರು ಬಾಗಿಲಿಗೆ ಬಂದರೆ ಅದು ಬೇರೆಯೇ ಪ್ರಕ್ರಿಯೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಬಂದವರ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಳ್ಳಿ, ದೂರು ಏನೆಂದು ಕೇಳಿ. ನೋಟಿಸ್, ಯೋಜನೆ, ವರದಿಗಳು, ಹಸಿರು ಕಾರ್ಡ್ ಇರುವ ಫೈಲಿನ ಪ್ರತಿಯನ್ನು ಬಾಗಿಲಲ್ಲೇ ಕೊಡಿ. ನ್ಯಾಯಾಲಯದ ಆದೇಶವಾಗಲಿ, ಮಗುವಿಗೆ ತಕ್ಷಣದ ಅಪಾಯವಾಗಲಿ ಇಲ್ಲದಿದ್ದರೆ ಒಳಗೆ ಬಿಡಲೇಬೇಕೆಂದಿಲ್ಲ. ಹೆಚ್ಚಿನ ಮಾತಿಗೆ ಮೊದಲು ವಕೀಲರಿಗೆ ಕರೆ ಮಾಡಿ. ಆ ನಂಬರ್ ಈಗಲೇ ಫೋನಿನಲ್ಲಿ ಇರಲಿ.

ಮಗುವಿಗೆ ಸ್ಪೀಚ್ ಥೆರಪಿಯಂಥ ವಿಶೇಷ ಶಿಕ್ಷಣ ಸೇವೆ ಡಿಸ್ಟ್ರಿಕ್ಟ್‌ನಿಂದ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಲಿಖಿತ ಕೋರಿಕೆ ಹಿಂದಿನ ಜೂನ್ 1ರೊಳಗೆ ಹೋಗಬೇಕು. ಇದನ್ನು ಐಎಚ್‌ಐಪಿ ಜೊತೆ ಆಗಸ್ಟ್‌ನಲ್ಲಿ ಕೇಳಿ ಅವಕಾಶ ಕಳೆದುಕೊಳ್ಳುವವರಿದ್ದಾರೆ.

ಇಷ್ಟೂ ನ್ಯೂಯಾರ್ಕ್‌ನ ಮಾತು. ಪೆನ್ಸಿಲ್ವೇನಿಯಾದಲ್ಲಿ ಆಗಸ್ಟ್ 1ರೊಳಗೆ ಅಫಿಡವಿಟ್ ಕೊಡಬೇಕು, ಟೆಕ್ಸಸ್‌ನಲ್ಲಿ ವಾರ್ಷಿಕ ನೋಟಿಸೇ ಇಲ್ಲ. ಕೆಲಸ ಬದಲಾಗಿ ರಾಜ್ಯ ಬಿಡುವಾಗ ಹಳೆಯ ಡಿಸ್ಟ್ರಿಕ್ಟ್‌ಗೆ ‘ಇಂಥ ದಿನದಿಂದ ಇಲ್ಲಿ ವಾಸವಿಲ್ಲ’ ಎಂದು ಒಂದು ಸಾಲಿನ ಪತ್ರ ಕಳಿಸಿ, ಅದಕ್ಕೂ ಹಸಿರು ಕಾರ್ಡ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮುಂದಿನ ತ್ರೈಮಾಸಿಕ ವರದಿ ಬಂದಿಲ್ಲವೆಂದು ಖಾಲಿ ಮನೆಯ ವಿಳಾಸಕ್ಕೆ ಪತ್ರಗಳು ಹೋಗುತ್ತಲೇ ಇರುತ್ತವೆ.